ನಡುಕ ಹೊರುವ ಕೈ

ರೊಟ್ಟಿ ಬಡಿಯುವ ಹೆಂಗಸರು ಬೇಕಾಗಿದ್ದಾರೆ ಎಂದು ಕಣ್ಣಿನ ದೊಡ್ಡಾಸ್ಪತ್ರೆಯವರು ಆಟೋಕ್ಕೆ ಮೈಕು ಕಟ್ಟಿ ಸಾರಿಸಿದಾಗ ಊರು ನಕ್ಕಿತ್ತು. ರೋಗಿಗಳಿಗೆ ರೊಟ್ಟಿ ಹಾಕುತ್ತಾರೇನೋ ಎಂದುಕೊಂಡು ಖಾನಾವಳಿಗಳ ಹೆಂಗಸರೆಲ್ಲ ಹೋಗಿ ಸಾಲು ನಿಂತರು. ಅಲ್ಲಿ ಹಿಟ್ಟೂ ಇರಲಿಲ್ಲ, ಹಂಚೂ ಇರಲಿಲ್ಲ. ಗಡಗಡ ನಡುಗುವ ಒಂದು ಹಿತ್ತಾಳೆ ತಟ್ಟೆ ಇತ್ತು. ಅದರ ಮೇಲೆ ಅಂಗೈ ಊರಿ ಕೂರಬೇಕು. ಯಾರ ಕೈ ಬೇಗ ಆ ನಡುಕಕ್ಕೆ ಒಗ್ಗುತ್ತದೋ ಅವರಿಗೆ ಕೆಲಸ. ಫಕ್ಕೀರವ್ವ ಹಾಗೆ ಆರಿಸಿ ಬಂದವಳು.

ನೆಲದಡಿಯ ಡೀಸೆಲ್ ಬತ್ತಿ ಆಗಲೇ ಒಂದು ತಲೆಮಾರು ಕಳೆದಿತ್ತು. ಲೈನಿನ ಕರೆಂಟು ಸರದಿಯ ಮೇಲೆ ಬರುತ್ತಿತ್ತು. ಉಳಿದ ಹೊತ್ತು ಆಸ್ಪತ್ರೆ ನಡೆಯುತ್ತಿದ್ದುದು ನೆಲಮಾಳಿಗೆಯ ಎಂಜಿನ್ನಿನಿಂದ, ಎಂಜಿನ್ ನಡೆಯುತ್ತಿದ್ದುದು ಬೀಜದೆಣ್ಣೆಯಿಂದ. ಹೊಂಗೆ, ಬೇವು, ಹಿಪ್ಪೆ, ಹೋಟೆಲುಗಳಲ್ಲಿ ಮಿರ್ಚಿ ಕರಿದು ಉಳಿದ ಕರೀ ಎಣ್ಣೆ, ಎಲ್ಲ ಕೂಡಿಸಿ ಕಾಸಿ ತಿಳಿಯಾಗಿಸಿದ್ದೇ ಈಗಿನ ಬಯೋಡೀಸೆಲ್. ಎಂಜಿನ್ನಿನ ಹೊಟ್ಟೆಯೊಳಗೆ ಎಣ್ಣೆ ಚಿಮ್ಮಿದ ಮೇಲೆ ಬೆಂಕಿ ಹತ್ತುವುದಕ್ಕೆ ಒಂದು ಸಣ್ಣ ತಡ ಇರುತ್ತದೆ, ರೆಪ್ಪೆ ಬಡಿಯುವುದಕ್ಕಿಂತ ಬಹಳ ಸಣ್ಣದು. ಹಳೆಯ ಡೀಸೆಲ್ಲಿನಲ್ಲಿ ಆ ತಡ ಹೆಚ್ಚುಕಡಿಮೆ ಒಂದೇ ಇರುತ್ತಿತ್ತು. ಈ ಮಿಶ್ರಣದಲ್ಲಿ ಟ್ಯಾಂಕರಿಗೊಂದು ತಡ, ಕೆಲವೊಮ್ಮೆ ಏಟಿಗೊಂದು ತಡ. ಬೆಂಕಿ ಬೇಗ ಹತ್ತಿದರೆ ಏಟು ಮೆತ್ತಗೆ ಬೀಳುತ್ತದೆ. ತಡವಾದರೆ ಒಳಗೆ ಕೂಡಿಕೊಂಡ ಎಣ್ಣೆಯೆಲ್ಲ ಒಮ್ಮೆಲೇ ಹೊತ್ತಿ ಸುತ್ತಿಗೆಯಂತೆ ಬಡಿಯುತ್ತದೆ. ಆ ನಡುಕ ಕಂಬ ಹಿಡಿದು ಮೇಲೇರಿ ಎರಡನೇ ಮಹಡಿಯ ಆಪರೇಷನ್ ಟೇಬಲಿಗೆ ತಲುಪುತ್ತಿತ್ತು. ಅಲ್ಲಿ ಡಾಕ್ಟರರು ಕೂದಲಿಗಿಂತ ತೆಳ್ಳಗಿನ ಸೂಜಿಯನ್ನು ಮನುಷ್ಯರ ಕಣ್ಣಿನೊಳಗೆ ಹಿಡಿದಿರುತ್ತಿದ್ದರು. ಎಂಜಿನ್ನನ್ನು ದೂರದಲ್ಲಿ ಇಡಬಹುದಿತ್ತು. ದೂರದ ಜಾಗದಲ್ಲಿ ಡಾಕ್ಟರರ ಕಾರುಗಳು ನಿಲ್ಲುತ್ತಿದ್ದವು.

ಎಂಜಿನ್ನಿನ ಬುಡದಲ್ಲಿ ಎದುರೇಟು ಕೊಡುವ ಒಂದು ಯಂತ್ರ ಕೂರಿಸಿದ್ದರು. ಎಂಜಿನ್ ಕೆಳಗೆ ಬಡಿದರೆ ಇದು ಅಷ್ಟೇ ಜೋರಿನಿಂದ ಮೇಲಕ್ಕೆ ಬಡಿಯಬೇಕು, ಎರಡೂ ಕೂಡಿ ಸೊನ್ನೆಯಾಗಬೇಕು. ಆದರೆ ಯಾವ ಏಟು ಯಾವಾಗ ಬರುತ್ತದೆಂದು ಅದಕ್ಕೆ ಮೊದಲೇ ಗೊತ್ತಿರಬೇಕಲ್ಲ? ಕಂಪ್ಯೂಟರು ಏಟು ಬಿದ್ದ ಮೇಲೆ ಅಳೆಯುತ್ತಿತ್ತು. ಮನುಷ್ಯರ ಮೈ ಹಾಗಲ್ಲ. ಹಾಳು ರಸ್ತೆಯ ಬಸ್ಸಿನಲ್ಲಿ ಕಂಡಕ್ಟರ್ ಕಂಬ ಹಿಡಿಯದೆ ನಿಂತು ಟಿಕೆಟ್ ಹರಿಯುತ್ತಾನೆ. ಗುಂಡಿ ಬರುವ ಮೊದಲೇ ಅವನ ಮೊಣಕಾಲು ಸಡಿಲಾಗಿರುತ್ತದೆ. ಅವನಿಗೇ ಅದು ಗೊತ್ತಿರುವುದಿಲ್ಲ. ಆ ವಿದ್ಯೆಯನ್ನು ಆಸ್ಪತ್ರೆಯವರು ಸಂಬಳಕ್ಕೆ ಕೊಂಡರು. ಎಂಜಿನ್ನಿಗೆ ಬೆಸೆದ ಮೂರು ಹಿತ್ತಾಳೆ ತಟ್ಟೆಗಳು, ಒಂದೊಂದರ ಮುಂದೆ ಒಬ್ಬೊಬ್ಬ ಹೆಂಗಸು, ತೋಳಿಗೆ ಅವಳ ಹೆಸರು ಬರೆದ ತಂತಿಪಟ್ಟಿ. ಏಟಿಗೆ ಮುಂಚೆ ತೋಳು ಬಿಗಿಯುವುದನ್ನು ಪಟ್ಟಿ ಓದಿ ಯಂತ್ರಕ್ಕೆ ಹೇಳುತ್ತಿತ್ತು. ಕಂಪನಿಯ ಕಾಗದಗಳಲ್ಲಿ ಅದಕ್ಕೆ ದೊಡ್ಡ ಹೆಸರಿತ್ತು. ಹೆಂಗಸರು ಅದನ್ನು ಮಣೆ ಎನ್ನುತ್ತಿದ್ದರು. ಮಣೆ ಕೂರುವುದು, ಮಣೆ ಏಳುವುದು. ಮಣೆ ಕೂತವಳ ಮನೆಮಂದಿಗೆಲ್ಲ ಆಸ್ಪತ್ರೆಯಲ್ಲಿ ಪುಕ್ಕಟೆ ಉಪಚಾರ. ಸಂಬಳಕ್ಕಿಂತ ಅದೇ ದೊಡ್ಡದು.

ಕೂತ ಹೆಂಗಸರ ಬೆರಳು ವರ್ಷ ಎರಡು ವರ್ಷಕ್ಕೆ ಬೆಳ್ಳಗಾಗಿ, ಆಮೇಲೆ ಜೋಮು ಹಿಡಿದು, ಆಮೇಲೆ ಸತ್ತುಹೋಗುತ್ತಿತ್ತು. ಅದಕ್ಕಾಗಿ ತಿಂಗಳಿಗೊಮ್ಮೆ ಬೆರಳು ಪರೀಕ್ಷೆ. ಬೆರಳಿಗೆ ಸ್ಪರ್ಶ ತಿಳಿಯದಿದ್ದರೆ ಅಲ್ಲೇ, ಎಲ್ಲರ ಮುಂದೆ, ಪಟ್ಟಿಯನ್ನು ಕತ್ತರಿಯಿಂದ ಕತ್ತರಿಸುತ್ತಿದ್ದರು. ಹುಲಿಗೆವ್ವನ ಪಟ್ಟಿ ಕತ್ತರಿಸಿದ ದಿನ ಅವಳ ಗಂಡ ಮೇಲಿನ ವಾರ್ಡಿನಲ್ಲಿ ಕಣ್ಣಿಗೆ ಪಟ್ಟಿ ಕಟ್ಟಿಸಿಕೊಂಡು ಮಲಗಿದ್ದ. ಸಂಜೆಗೆ ಅವನ ಹಾಸಿಗೆಯಲ್ಲಿ ಬೇರೆಯವರಿದ್ದರು.

ಫಕ್ಕೀರವ್ವನ ಬೆರಳು ಯುಗಾದಿಯ ಹೊತ್ತಿಗೇ ಸತ್ತಿದ್ದವು. ಹೊರಗೆ ಯಾರಿಗೂ ಗೊತ್ತಿರಲಿಲ್ಲ. ಮನೆಯಲ್ಲಿ ರೊಟ್ಟಿ ಹೇಳಿಬಿಟ್ಟಿತು.

"ಇದ ರೊಟ್ಟಿ ಏನ? ನಡುವ ದಪ್ಪ, ಅಂಚ ಹರಕ. ಎಮ್ಮಿ ತುಳದಂಗೈತಿ," ಅಂದಳು ಅತ್ತೆ ತಿರಕವ್ವ.

"ಹಿಟ್ಟ ಹಳೀದೈತಿ ಅತ್ತಿ."

"ಹಿಟ್ಟಲ್ಲ, ಕೈ ಹಳೀದಾಗೇತಿ. ನಿನ್ನ ರೊಟ್ಟಿ ನೋಡಿ ನಮ್ಮಾಂವ ನಿನ್ನ ಮದವಿ ಆಗಿದ್ದ. ಇವತ್ತ ನೋಡಿದ್ರ ಹೊಳ್ಳಿ ಓಡಿ ಹೋಗ್ತಿದ್ದ."

"ಹೆಂಗೂ ಓಡಿ ಹೋದನಲ್ಲ ಬಿಡ್ರಿ."

ಮುದುಕಿ ನಕ್ಕಳು. ಮಗ ಕೊಯ್ಲು ಯಂತ್ರದವರ ಜೊತೆ ಹೋದವನು ಯಾವುದೋ ಊರಿನಲ್ಲಿ ಬೇರೆ ಸಂಸಾರ ಹೂಡಿದ್ದು ಈ ಮನೆಯಲ್ಲಿ ಈಗ ಬರೀ ನಗುವ ಮಾತಾಗಿತ್ತು.

ಗೋಡೆಗೆ ಒರಗಿ ಕೂತಿದ್ದ ಮಗಳು ನೀಲಾಂಬಿಕಾ ಮೂಗು ಅರಳಿಸಿದಳು. "ಯವ್ವಾ, ಏನೋ ಸುಡಾಕತ್ತೈತಿ ನೋಡ."

ಫಕ್ಕೀರವ್ವ ಕೆಳಗೆ ನೋಡಿದಳು. ಸುಡುತ್ತಿದ್ದುದು ರೊಟ್ಟಿಯಲ್ಲ. ಅವಳ ಎಡಗೈಯ ಎರಡು ಬೆರಳು ಕಾದ ಹಂಚಿಗೆ ತಾಗಿಕೊಂಡಿದ್ದವು. ಕೈ ಎಳೆದು ಸೆರಗಿನಲ್ಲಿ ಸುತ್ತಿಕೊಂಡಳು. ಹುಡುಗಿಗೆ ಅದು ಕಾಣಲಿಲ್ಲ. ನೀಲಾಳ ಎಡಗಣ್ಣು ಕೂಸಿದ್ದಾಗಲೇ ಜ್ವರದಲ್ಲಿ ಹೋಗಿತ್ತು. ಉಳಿದದ್ದು ಬಲಗಣ್ಣು. ಈಗ ಅದರೊಳಗಿನ ಪರದೆ ಗೋಡೆಯ ಸುಣ್ಣದಂತೆ ಬಿಟ್ಟುಕೊಂಡು ಬರುತ್ತಿತ್ತು.

"ಮೂಲ್ಯಾಗ ಯಾರೋ ಕರೀ ಸೀರಿ ಒಣಾ ಹಾಕಿದಂಗ ಕಾಣ್ತೈತಿ ಬೇ," ಎನ್ನುತ್ತಿದ್ದಳು ಹುಡುಗಿ. "ದಿನಾ ಒಂದೀಟ ಈ ಕಡೆ ಸರೀತೈತಿ."

ಆ ಸೀರೆ ನಡುವಿಗೆ ಬರುವುದರೊಳಗೆ ಪರದೆಯನ್ನು ಅಂಟಿಸಬೇಕು ಎಂದಿದ್ದರು ಡಾಕ್ಟರರು. ಶುಕ್ರವಾರ ಆಪರೇಷನ್. ಬೆರಳು ಪರೀಕ್ಷೆ ಬುಧವಾರ.

ಮಣೆಯವರಲ್ಲಿ ಒಂದು ರೂಢಿ ಬೆಳೆದಿತ್ತು, ಕಾಲು ಕೊಡುವುದು. ಪರೀಕ್ಷೆಗೆ ಇಬ್ಬಿಬ್ಬರನ್ನು ಒಂದೇ ಬೆಂಚಿನ ಮೇಲೆ ಕೂರಿಸುತ್ತಿದ್ದರು. ಇಬ್ಬರ ಬೆರಳಿನ ಕೆಳಗೂ ಒಂದೊಂದು ಮೊಳೆ, ಎರಡೂ ಒಟ್ಟಿಗೇ ಸಣ್ಣಗೆ ನಡುಗುತ್ತವೆ. ನಡುಗಿದಾಗ ಬಂತು, ನಿಂತಾಗ ಹೋಯ್ತು ಎನ್ನಬೇಕು. ಬೆರಳು ಜೀವಂತ ಇದ್ದವಳು ಬೆಂಚಿನ ಕೆಳಗೆ ಸತ್ತ ಬೆರಳಿನವಳ ಕಾಲು ಒತ್ತುತ್ತಿದ್ದಳು. ಕಾಲು ಕೊಡುವವರಲ್ಲಿ ದೊಡ್ಡವಳು ಶಿವಗಂಗವ್ವ. ಬೇರೆ ಪಾಳಿಯವಳು, ವಯಸ್ಸಾದವಳು, ಎಲ್ಲರಿಗಿಂತ ಮೊದಲು ಮಣೆ ಕೂತವಳು. ಅಷ್ಟು ವರ್ಷವಾದರೂ ಅವಳ ಬೆರಳು ಹಾಗೇ ಇದ್ದವು. ನೊಣ ಕೂತರೂ ಎಷ್ಟು ಕಾಲು ಊರಿತೆಂದು ಹೇಳುವ ಬೆರಳು. ಇಂಥ ಕೈ ಇನ್ನೊಂದಿಲ್ಲ ಎಂದು ಹೆಂಗಸರು ಅವಳನ್ನು ದೇವರ ಹಾಗೆ ನೋಡುತ್ತಿದ್ದರು.

ಬುಧವಾರ ಅವಳು ಫಕ್ಕೀರವ್ವನ ಪಕ್ಕದಲ್ಲಿ ಕೂತಳು.

"ಬಂತ್ರಿ," ಅಂದಳು ಶಿವಗಂಗವ್ವ. ಬೆಂಚಿನ ಕೆಳಗೆ ಕಾಲು ಒತ್ತಿತು.

"ಬಂತ್ರಿ," ಅಂದಳು ಫಕ್ಕೀರವ್ವ.

ನರ್ಸು ತಲೆ ಎತ್ತಿದಳು. "ನೀವು ಯಾಕ್ರಿ ಯಾವಾಗ್ಲೂ ಒಂದೀಟು ಹಿಂದ?"

"ಆಕೀ ಗಂಡನೂ ಹಂಗ ಇದ್ದ್ರಿ," ಅಂದಳು ಶಿವಗಂಗವ್ವ. "ಕರದ ಮ್ಯಾಲೆ ಒಂದ್ ತಾಸಿಗೆ ಓ ಅಂತಿದ್ದ. ಸವಾಸದ ಗುಣ."

ನರ್ಸು ನಗುತ್ತಲೇ ಗುರುತು ಹಾಕಿದಳು. ಫಕ್ಕೀರವ್ವ ಗೆದ್ದಳು. ಹೊರಗೆ ಬಂದು ನಲ್ಲಿಯ ಹತ್ತಿರ ನಿಂತಾಗ ಅವಳಿಗೆ ಗೆದ್ದದ್ದರ ಇನ್ನೊಂದು ಮುಖ ಕಂಡಿತು. ಶುಕ್ರವಾರ ಬೆಳಗಿನ ಪಾಳಿ ಅವಳದೇ. ಮೇಲೆ ಮಗಳು, ಕೆಳಗೆ ಇವಳು. ಕಾದ ಹಂಚು ತಿಳಿಯದ ಕೈಗೆ ಎಂಜಿನ್ನಿನ ಏಟು ತಿಳಿಯುತ್ತದೆಯೇ? ಪಾಳಿ ತಪ್ಪಿಸಿದರೆ ಯಾಕೆಂದು ಕೇಳುತ್ತಾರೆ. ನಿಜ ಹೇಳಿದರೆ ಪಟ್ಟಿ ಹೋಗುತ್ತದೆ, ಪಟ್ಟಿಯ ಜೊತೆ ಶುಕ್ರವಾರವೂ ಹೋಗುತ್ತದೆ.

"ಅಕ್ಕಾ," ಅಂದಳು. "ಶುಕ್ರವಾರ ನನ್ನ ಪಟ್ಟಿ ನೀ ಕಟ್ಟಕೊಂಡ ಕುಂದರತಿಯೇನ?"

ಶಿವಗಂಗವ್ವ ಅವಳ ಸುಟ್ಟ ಬೆರಳುಗಳನ್ನು ಹಿಡಿದು ನೋಡಿದಳು. "ಸಿಕ್ಕರ ಇಬ್ಬರದೂ ಕತ್ತರಸ್ತಾರ."

"ಗೊತ್ತೈತಿ. ನನಗ ಮತ್ತ ಯಾರ ಕೈ ಮ್ಯಾಲೂ ನಂಬಿಗಿಲ್ಲ. ಉಳಿದ ಇಬ್ಬರೂ ನಿನ್ನೆ ಮೊನ್ನೆ ಬಂದ ಹುಡಿಗೇರು."

"ಇಷ್ಟಕ್ಕ ಯಾಕ ಅಳತಿ. ಕುಂದರತೀನಿ ತಗೋ. ನೀಲಾ ನನಗೂ ಮಗಳ."

ಶುಕ್ರವಾರ ಶಿವಗಂಗವ್ವ ಸೆರಗು ಮುಂದೆ ಎಳೆದುಕೊಂಡು ನಡುವಿನ ಮಣೆ ಕೂತಳು. ತೋಳಿನಲ್ಲಿ ಫಕ್ಕೀರವ್ವನ ಹೆಸರಿನ ಪಟ್ಟಿ. ಗಾಜಿನ ಕೋಣೆಯಲ್ಲಿದ್ದ ಎಂಜಿನಿಯರ್ ಹೊಸಮನಿ ಕಂಪ್ಯೂಟರ್ ಪರದೆಯ ಮೇಲಿನ ಗೆರೆಗಳನ್ನು ನೋಡುವವನೇ ಹೊರತು ಹೆಂಗಸರ ಮುಖ ನೋಡುವವನಲ್ಲ. ಫಕ್ಕೀರವ್ವ ಎಣ್ಣೆ ಸೋಸುವ ಕೋಣೆಯ ಬಾಗಿಲ ಸಂದಿಯಲ್ಲಿ ನಿಂತಳು. ಅಲ್ಲಿಂದ ಅವನ ದೊಡ್ಡ ಪರದೆ ಕಾಣುತ್ತಿತ್ತು. ಹಸಿರು ಗೆರೆ ನೇರ ಇದ್ದರೆ ಮೇಲೆ ಟೇಬಲ್ ಅಲುಗುತ್ತಿಲ್ಲ ಎಂದರ್ಥ.

ಲೈನಿನ ಕರೆಂಟು ಹೋಯಿತು. ಎಂಜಿನ್ ಕೆಮ್ಮಿ ಎದ್ದಿತು. ಗೆರೆ ಕುಣಿದು, ನಿಧಾನ ಸಪಾಟಾಯಿತು. ಆದರೆ ದಿನದ ಹಾಗೆ ದಾರದಂತೆ ಆಗಲಿಲ್ಲ, ಇರುವೆ ಸಾಲಿನಂತೆ ಸಣ್ಣಗೆ ಹರಿದಾಡುತ್ತಲೇ ಇತ್ತು. ಆಮೇಲೆ ಟ್ಯಾಂಕು ಬದಲಾಯಿತು. ಹೊಸ ಟ್ಯಾಂಕಿನಲ್ಲಿ ಹೋಟೆಲಿನ ಎಣ್ಣೆ ಜಾಸ್ತಿ. ಏಟಿನ ಸದ್ದೇ ಬೇರೆಯಾಯಿತು, ಒಂದು ಮೆತ್ತಗೆ, ಮೂರು ಬಿರುಸು, ಮತ್ತೊಂದು ಹೇಗೋ. ಗೆರೆ ಎದ್ದಿತು. ಹೊಸಮನಿ ಕುರ್ಚಿಯಿಂದ ಎದ್ದ.

ಶಿವಗಂಗವ್ವನ ಮುಖ ಶಾಂತವಾಗಿತ್ತು. ಒಂದೊಂದು ಏಟಿಗೂ ಅವಳ ತುಟಿ ಅಲುಗುತ್ತಿತ್ತು, ಬಂತು, ಬಂತು ಎನ್ನುವ ಹಾಗೆ. ಬಾಗಿಲ ಸಂದಿಯಲ್ಲಿ ಫಕ್ಕೀರವ್ವನ ಎರಡೂ ತೋಳು ತಾವಾಗಿ ಬಿಗಿಯುತ್ತಿದ್ದವು, ಸಡಿಲಾಗುತ್ತಿದ್ದವು. ಭಯಕ್ಕೆ ಹೀಗಾಗುತ್ತಿದೆ ಎಂದುಕೊಂಡಳು. ಬಿಗಿದ ಮೇಲೆ ಏಟು ಬೀಳುತ್ತಿತ್ತೋ, ಏಟು ಬಿದ್ದ ಮೇಲೆ ಬಿಗಿಯುತ್ತಿತ್ತೋ, ಗಮನಿಸುವ ಸ್ಥಿತಿಯಲ್ಲಿ ಅವಳಿರಲಿಲ್ಲ. ಒಮ್ಮೆ ಓಡಿಹೋಗಿ ಶಿವಗಂಗವ್ವನನ್ನು ಎಬ್ಬಿಸಿ ತಾನೇ ಕೂರಬೇಕು ಅನಿಸಿತು. ಸತ್ತ ಬೆರಳು ನೆನಪಾಗಿ ಬಾಗಿಲ ಚೌಕಟ್ಟು ಹಿಡಿದು ನಿಂತಳು.

ಮಧ್ಯಾಹ್ನ ಮೇಲಿನ ವರಾಂಡದಲ್ಲಿ ಡಾಕ್ಟರರು ಟೊಪ್ಪಿಗೆ ತೆಗೆದು ಹೇಳಿದರು: "ನಡುವೆ ಸೂಜಿ ಸ್ವಲ್ಪ ಜಾರಿತಮ್ಮ. ಪರದೆ ಹರೀತು. ನಾವೇನೂ ಮಾಡೋ ಹಂಗಿರಲಿಲ್ಲ." ಆಮೇಲೆ ಅವರಿಗೆ ಊಟದ ಹೊತ್ತಾಗಿತ್ತು.

ನೀಲಾ ಅಳಲಿಲ್ಲ. ಕಣ್ಣಿನ ಪಟ್ಟಿ ಬಿಚ್ಚಿದ ದಿನ ಮುಖ ಅತ್ತಿತ್ತ ತಿರುಗಿಸಿ, "ಲೈಟ್ ಹಾಕ್ರಿ," ಅಂದಳು. ಯಾರೂ ಏನೂ ಮಾಡದಿದ್ದಾಗ, "ಹಾಕೇರೇನ?" ಎಂದು ಕೇಳಿದಳು. ತಿರಕವ್ವ ಸೊಸೆಯ ಮುಖ ನೋಡದೆ ಹೊರಗೆ ಹೋದಳು.

ಅದರ ಮರುದಿನ ಹೊಸಮನಿ ಫಕ್ಕೀರವ್ವನನ್ನು ಗಾಜಿನ ಕೋಣೆಗೆ ಕರೆಸಿ ಕುರ್ಚಿ ತೋರಿಸಿದ. ಅಲ್ಲಿ ಮಣೆಯವರು ಯಾರೂ ಕೂತದ್ದಿರಲಿಲ್ಲ. ಅವಳು ಅಂಚಿನಲ್ಲಿ ಕೂತಳು.

"ಇಷ್ಟು ದಿನ ನಾವು ಒಬ್ಬೊಬ್ಬರದು ಬೇರೆ ಬೇರೆ ನೋಡ್ತಿರಲಿಲ್ಲ ಅಮ್ಮ. ಮೂರೂ ಕೂಡಿಸಿ ಗೆರೆ ನೇರ ಇದ್ರ ಆಯ್ತು ಅಂತಿದ್ವಿ. ಈ ಸಲ ಎಲ್ಲ ಬಿಡಿಸಿ ನೋಡಿದೆ." ಪರದೆಯ ಮೇಲೆ ಮೂರು ಬಣ್ಣದ ಗೆರೆ ತಂದ. "ಯುಗಾದಿಯಿಂದ ಈಚೆ ನಿಮ್ಮ ಪಾಳಿಯ ಭಾರ ಹೆಚ್ಚುಕಡಿಮೆ ನೀವೊಬ್ಬರೇ ಹೊತ್ತೀರಿ. ಇದು ನಿಮ್ಮ ತೋಳು. ಏಟಿಗಿಂತ ಮುಂಚೆ ಬಿಗೀತೈತಿ, ಪ್ರತಿ ಸಲ. ಯಂತ್ರಕ್ಕೂ ಇಷ್ಟು ಬರೂದಿಲ್ಲ."

ಫಕ್ಕೀರವ್ವನಿಗೆ ಅರ್ಥವಾಗಲಿಲ್ಲ. "ಯುಗಾದಿಗೆ ನನ್ನ ಬೆರಳ ಸತ್ತಿದ್ವುರಿ," ಅಂದಳು. ಬಾಯಿ ತಪ್ಪಿ ಬಂದಿತ್ತು.

ಹೊಸಮನಿ ಬೆಚ್ಚಲಿಲ್ಲ, ತಲೆದೂಗಿದ. "ಸತ್ತದ್ದಕ್ಕೇ ಅಮ್ಮ. ಬೆರಳು ಜೀವಂತ ಇದ್ದವರ ಮೈ ಬೆರಳಿನ ಸುದ್ದಿ ಬರ್ಲಿ ಅಂತ ಕಾಯ್ತೈತಿ. ಸುದ್ದಿ ಬಂದ ಮ್ಯಾಲೆ ಬಿಗಿದ್ರ ತಡ ಆತು. ನಿಮ್ಮ ಬೆರಳು ಸುದ್ದಿ ಕೊಡೂದು ಬಿಟ್ಟದ್ದಕ್ಕ ನಿಮ್ಮ ಮೈ ಕಾಯೂದು ಬಿಡ್ತು. ಎಂಜಿನ್ನಿನ ಸದ್ದು, ನೆಲದ ಅದುರು, ಎಲುಬಿನ ನೆನಪು, ಅದರಿಂದಾನೇ ಮುಂಚೆ ಊಹೆ ಮಾಡ್ತೈತಿ. ಕೈ ಸತ್ತ ಮ್ಯಾಲೇ ಮಣೆಗೆ ಪಳಗೂದು."

"ಮತ್ತ ಬೆರಳು ಪರೀಕ್ಷೆ?"

"ಅದು ತಪ್ಪು ಅಂತ ನಮಗ ಹೋದ ವರ್ಷಾನೇ ಅನುಮಾನ ಇತ್ತು. ನಿಲ್ಲಸಾಕ ಹೆಡ್ ಆಫೀಸಿನ ಒಪ್ಪಿಗೆ ಬೇಕಲ್ಲ. ಬರ್ತೈತಿ." ಹೊಸಮನಿ ನೀರು ಕುಡಿದ. "ಈಗ ಶುಕ್ರವಾರದ್ದು ನೋಡ್ರಿ. ಪಟ್ಟಿ ನಿಮ್ಮದು, ತೋಳು ನಿಮ್ಮದಲ್ಲ. ಈ ತೋಳು ಪ್ರತಿ ಏಟಿಗೂ ಹಿಂದ. ಯಾರದಂತನೂ ನನಗ ಗೊತ್ತೈತಿ. ಎಷ್ಟೋ ವರ್ಷದಿಂದ ಆ ಅಜ್ಜಿ ಕೂತಾಳ, ಒಂದು ಏಟೂ ಹೊತ್ತಿಲ್ಲ. ಪಕ್ಕದವರು ಹೊರತಿದ್ರು."

ಫಕ್ಕೀರವ್ವ ಪರದೆಯ ಮೇಲಿನ ತನ್ನ ಗೆರೆಯನ್ನೇ ನೋಡುತ್ತಿದ್ದಳು. ಆ ದಿನ ಆ ಗೆರೆ ಇದ್ದಿದ್ದರೆ. ಹನ್ನೆರಡು ಹೆಜ್ಜೆ ಆಚೆ, ಬಾಗಿಲ ಚೌಕಟ್ಟು ಹಿಡಿದುಕೊಂಡು, ಆ ಗೆರೆ ಸುಮ್ಮನೆ ಗಾಳಿಯಲ್ಲಿ ಹೋಗಿತ್ತು.

"ನಾ ಕುಂತಿದ್ರ?" ಅಂದಳು.

"ಟೇಬಲ್ ಅಲುಗ್ತಿರಲಿಲ್ಲ," ಅಂದ ಹೊಸಮನಿ. ಸುಳ್ಳು ಹೇಳಬೇಕು ಎಂದು ಅವನಿಗೆ ಹೊಳೆಯಲಿಲ್ಲ.

ಆಮೇಲೆ ಅವನು ದನಿ ತಗ್ಗಿಸಿದ. ಆಡಳಿತದವರಿಗೆ ಒಂದು ಹೆಸರು ಬೇಕು. ಇಬ್ಬರೂ ಕೂಡಿ ಪಟ್ಟಿ ಬದಲಿಸಿದ್ದು ಎಂದಾದರೆ ಇಬ್ಬರನ್ನೂ ತೆಗೆಯಬೇಕಾಗುತ್ತದೆ, ಅವಳಂಥ ಕೈಯನ್ನು ಕಳೆದುಕೊಳ್ಳಲು ತನಗೆ ಮನಸ್ಸಿಲ್ಲ. ಹರಿದ ಪರದೆಗೆ ಇನ್ನೊಂದು ಆಪರೇಷನ್ ಇದೆ. ಆಸೆ ಸ್ವಲ್ಪ, ಖರ್ಚು ಬಹಳ. ಮಣೆಯವರ ಮಗಳಾದರೆ ಪುಕ್ಕಟೆ. ಆ ದಿನ ಬೇಕಾದರೆ ತಾಯಿಯೇ ಕೂರಬಹುದು.

"ಅಜ್ಜಿ ನಿಮಗ ಹಿರಿಯಾಕಿ. ಜೋರು ಮಾಡಿ ನಿಮ್ಮ ಪಟ್ಟಿ ಕಸಗೊಂಡು ಕೂತಳೇನು? ಬಾಯಿಲೆ ಹೇಳೂದು ಬ್ಯಾಡ. ತಲಿ ಅಲ್ಲಾಡಿಸಿದ್ರ ಸಾಕು."

ಗಾಜಿನಾಚೆ ಎಂಜಿನ್ ನಡೆಯುತ್ತಿತ್ತು. ಫಕ್ಕೀರವ್ವ ನೀಲಾಳ ಮುಖ ನೆನೆದಳು, ಹಾಕೇರೇನ ಎಂದು ಕೇಳಿದ ಮುಖ. ಹೌದೆಂದು ತಲೆ ಅಲ್ಲಾಡಿಸಿದಳು.

ಶಿವಗಂಗವ್ವನ ಪಟ್ಟಿಯನ್ನು ಸೋಮವಾರ ಕತ್ತರಿಸಿದರು. ಕತ್ತರಿ ಮೊಂಡಾಗಿತ್ತು, ಹೊತ್ತು ಹಿಡಿಯಿತು. ಹೆಂಗಸರೆಲ್ಲ ಸುತ್ತ ನಿಂತಿದ್ದರು. ಹುಡುಗಿಯ ಕಣ್ಣು ತೆಗೆದವಳು ಎಂದು ಒಬ್ಬಳು ಅಂದಳು. ಅವಳು ಯಾರಿಗೆಲ್ಲ ಎಷ್ಟೋ ಸಲ ಕಾಲು ಕೊಟ್ಟಿದ್ದಳೋ, ಅವರೂ ಅಲ್ಲೇ ಇದ್ದರು. ಫಕ್ಕೀರವ್ವ ಆ ಹೊತ್ತಿಗೆ ಮಣೆಯ ಮೇಲಿದ್ದಳು. ಏಳುವ ಹಾಗಿರಲಿಲ್ಲ, ಮೇಲೆ ಯಾರದೋ ಕಣ್ಣಿನ ಆಪರೇಷನ್ ನಡೆದಿತ್ತು.

ಎರಡನೇ ಆಪರೇಷನ್ನಿಗೆ ಅವಳೇ ಕೂತಳು. ಅಂಥ ಮೌನವನ್ನು ಆ ಕಟ್ಟಡ ಹಿಂದೆ ಕಂಡಿರಲಿಲ್ಲ. ಗೆರೆ ಸತ್ತವರ ಎದೆಬಡಿತದ ಗೆರೆಯಂತೆ ನೇರವಾಗಿತ್ತು. ಹೊಸಮನಿ ಅದರ ಚಿತ್ರ ತೆಗೆದು ಹೆಡ್ ಆಫೀಸಿಗೆ ಕಳಿಸಿದ. ಎಲ್ಲ ಮುಗಿದ ಮೇಲೆ ಡಾಕ್ಟರರು ಕೆಲಸ ಬಹಳ ಚೆನ್ನಾಗಿ ಆಯಿತು ಎಂದರು. ಪರದೆ ಅಂಟಿದೆ. ಆದರೆ ಅಷ್ಟು ದಿನ ಹರಿದು ಬಿದ್ದಿದ್ದು ಒಣಗಿಹೋಗಿದೆ. ಇನ್ನು ಅದರಲ್ಲಿ ಬೆಳಕು ಹಿಡಿಯುವುದಿಲ್ಲ.

ಅದಾಗಿ ಕೆಲವು ದಿನಕ್ಕೆ, ಇಳಿಹೊತ್ತಿನಲ್ಲಿ, ಶಿವಗಂಗವ್ವ ಮನೆಗೆ ಬಂದಳು. ಬಟ್ಟೆಯಲ್ಲಿ ಸುತ್ತಿದ ಜೋಳದ ರೊಟ್ಟಿ ತಂದಿದ್ದಳು. ಮತ್ತೆ ಖಾನಾವಳಿಗೆ ಸೇರಿದ್ದಳು. ರೊಟ್ಟಿ ಚಂದ್ರನಂತೆ ತೆಳ್ಳಗೆ, ಗುಂಡಗೆ ಇದ್ದವು. ತಿರಕವ್ವ ಒಂದನ್ನು ಬೆಳಕಿಗೆ ಹಿಡಿದು ನೋಡಿ ಕೆಳಗಿಟ್ಟಳು.

ಶಿವಗಂಗವ್ವ ನೀಲಾಳ ಹತ್ತಿರ ಕೂತು ಅವಳ ತಲೆ, ಕೆನ್ನೆ, ರೆಪ್ಪೆ ಸವರಿದಳು. "ಕಣ್ಣಿಗೆ ಹೊಲಿಗಿ ಹಾಕ್ಯಾರಲ್ಲ, ಒಂದು ಎಳಿ ರೆಪ್ಪಿ ಒಳಗ ಉಳದೈತಿ. ಚುಚ್ಚತೈತೇನ?"

"ಹೂಂ ಆಯಿ. ಯಾರಿಗೂ ಕಂಡಿಲ್ಲ ಅದು."

"ಕಾಣೂದಲ್ಲ ಅದು." ಮುದುಕಿ ಫಕ್ಕೀರವ್ವನ ಕಡೆ ತಿರುಗಿದಳು. "ನನಗ ತಿಳೀವಲ್ದವ್ವ. ಅವತ್ತ ಒಂದೊಂದ ಏಟೂ ನನ್ನ ಬೆರಳಿಗೆ ಗೊತ್ತಾಗತಿತ್ತು, ಒಂದೂ ತಪ್ಪಿಲ್ಲ. ಹಂಗಿದ್ರೂ ಹೆಂಗ ಅಲುಗೀತು?"

ಫಕ್ಕೀರವ್ವನಿಗೆ ಉತ್ತರ ಗೊತ್ತಿತ್ತು. ಗೊತ್ತಾಗುತ್ತಿದ್ದುದಕ್ಕೇ ಅಲುಗಿತು ಎಂದು ಹೇಳುವುದು ಹೇಗೆ? "ಎಣ್ಣಿ ಕೆಟ್ಟದಿತ್ತಂತಕ್ಕ," ಅಂದಳು.

"ಇನ್ನೊಂದು. ನಾ ಜೋರು ಮಾಡಿ ನಿನ್ನ ಪಟ್ಟಿ ಕಸಗೊಂಡೆ ಅಂತ ಬರದಾರ. ಹಂಗಂತ ಯಾರೋ ಹೇಳ್ಯಾರ. ನೀ ಹೇಳೂದಿಲ್ಲ ಅಂತ ನನಗ ಗೊತ್ತೈತಿ. ಆ ಇಬ್ಬರು ಹುಡಿಗೇರೊಳಗ ಯಾರಿರಬೇಕು?"

"ಗೊತ್ತಿಲ್ಲಕ್ಕ."

"ಗೊತ್ತಾದ್ರ ಹೇಳು. ಬೈಯೂದಿಲ್ಲ. ಯಾಕ ಅಂದಿ ಅಂತ ಕೇಳತೀನಿ ಅಷ್ಟ."

"ಹೇಳತೀನಕ್ಕ."

ಮಾತು ಮುಗಿದಿತ್ತು. ಆದರೂ ಶಿವಗಂಗವ್ವ ಏಳಲಿಲ್ಲ. ಫಕ್ಕೀರವ್ವ ಅವಳ ಮುಖ ನೋಡಿದಳು. ಮುದುಕಿ ತಲೆ ತಗ್ಗಿಸಿ, ಏನನ್ನೋ ಕೇಳುತ್ತಿರುವವಳ ಹಾಗೆ ಕೂತಿದ್ದಳು. ಫಕ್ಕೀರವ್ವನೂ ಕೆಳಗೆ ನೋಡಿದಳು. ತನ್ನ ಎರಡೂ ಕೈಗಳು ಶಿವಗಂಗವ್ವನ ಕೈಯೊಳಗಿದ್ದವು. ಅವಳು ಯಾವಾಗ ಹಿಡಿದುಕೊಂಡಳೋ ತಿಳಿದಿರಲಿಲ್ಲ. ಆ ಹಳೆಯ ಬೆರಳುಗಳ ನಡುವೆ ತನ್ನ ಕೈಗಳು ಸಣ್ಣಗೆ, ಬಿಡದೆ ನಡುಗುತ್ತಿದ್ದವು.

ಶಿವಗಂಗವ್ವ ಆ ಕೈಗಳನ್ನು ಒಂದೊಂದಾಗಿ ಎತ್ತಿ ಫಕ್ಕೀರವ್ವನ ತೊಡೆಯ ಮೇಲೆ ಇಟ್ಟಳು. ರೊಟ್ಟಿ ಸುತ್ತಿದ್ದ ಬಟ್ಟೆಯನ್ನು ಕೊಡವಿ ಮಡಚಿಕೊಂಡಳು. ಎದ್ದು ಚಪ್ಪಲಿ ಮೆಟ್ಟಿದಳು.

"ರೊಟ್ಟಿ ಆರಿದ್ರ ಬಿರುಸಾಗತಾವು," ಅಂದಳು, ಯಾರಿಗೂ ಅಲ್ಲ ಎನ್ನುವ ಹಾಗೆ. "ಹುಡಿಗಿಗೆ ಮುರದ ಕೊಡು."